ಹದಿನಾರು ಲೇನಿನ ಕಾರ್ಡು ನಾಲ್ಕೇ ಲೇನಿನಲ್ಲಿ: ಒಂದು ಜಿಟಿಎಕ್ಸ್ 1060 ರಿಪೇರಿ

ಗ್ರಾಫಿಕ್ಸ್ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಅಂತ ಒಂದು ಪುಟ್ಟ ಸಾಫ್ಟ್‌ವೇರ್ ಇದೆ. ಅದರಲ್ಲಿ ‘ಬಸ್ ಇಂಟರ್‌ಫೇಸ್’ ಎಂಬ ಸಾಲನ್ನು ಹೆಚ್ಚಿನವರು ನೋಡುವುದೇ ಇಲ್ಲ. ಈ ಕಾರ್ಡಿಗೆ ಅಲ್ಲಿ ಬಂದದ್ದು ಇಷ್ಟು: ಪಿಸಿಐಇ ಎಕ್ಸ್16 3.0 @ ಎಕ್ಸ್4 1.1. ಮೊದಲ ಅರ್ಧ ಕಾರ್ಡಿನ ತಾಕತ್ತು. ಉಳಿದರ್ಧ ಆ ಹೊತ್ತಿನಲ್ಲಿ ನಿಜವಾಗಿ ನಡೆಯುತ್ತಿರುವುದು. ಪಿಸಿಐಇ ಅಂದರೆ ಪಿಸಿಐ ಎಕ್ಸ್‌ಪ್ರೆಸ್, ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಡೇಟಾ ದಾರಿ. ಆ ದಾರಿಯ ಒಂದೊಂದು ಪಟ್ಟೆಗೆ ಲೇನ್ ಅಂತಾರೆ, ಪೂರ್ತಿ ದಾರಿಗೆ ಲಿಂಕ್.

ಕಾರ್ಡು ನಮ್ಮ ಅಕ್ಕನ ಮಗನದು. ಹನುಮಂತನಗರದ ಮನೆಯಲ್ಲೇ ಕೂತು ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡು, ಸೆಕೆಂಡ್ ಹ್ಯಾಂಡ್. ಕ್ಯಾಬಿನೆಟ್ ಸಮೇತ ಆಟೋದಲ್ಲಿ ಹಾಕಿಕೊಂಡು ಬಂದ. “ಮಾಮ, ಟೈಮ್‌ಲೈನ್ ಎಳೆದ್ರೆ ತಡವರಿಸುತ್ತೆ. ಕಾರ್ಡ್ ಹೋಗಿದ್ಯಾ ನೋಡ್ತೀಯಾ?” ಅಂದ. ಮಾರಿದವರು ಟೆಸ್ಟ್ ಮಾಡಿಯೇ ಕೊಟ್ಟಿದ್ದರಂತೆ. ಚಿತ್ರ ಬರುತ್ತದೆ, ಫ್ಯಾನ್ ತಿರುಗುತ್ತದೆ, ಗೇಮ್ ಓಡುತ್ತದೆ. ಅವರ ಟೆಸ್ಟ್ ಅಲ್ಲಿಗೆ ಮುಗಿಯಿತು. ಅಂಥ ಟೆಸ್ಟಿನಲ್ಲಿ ಈ ಥರದ ತೊಂದರೆ ಯಾವತ್ತೂ ಸಿಕ್ಕಿಬೀಳುವುದಿಲ್ಲ.

ವೇಗ ಬೇರೆ, ಅಗಲ ಬೇರೆ

ಆ ಸಾಲಿನಲ್ಲಿ ಎರಡು ಕೊರತೆ ಕಾಣುತ್ತಿವೆ. 3.0 ಇರಬೇಕಾದ ಕಡೆ 1.1. ಎಕ್ಸ್16 ಇರಬೇಕಾದ ಕಡೆ ಎಕ್ಸ್4. ನೋಡಿದವರು ಎರಡನ್ನೂ ಒಂದೇ ಕಾಯಿಲೆ ಅಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ. ಈ ರಿಪೇರಿಯೆಲ್ಲ ನಿಂತಿರುವುದೇ ಆ ವ್ಯತ್ಯಾಸದ ಮೇಲೆ.

1.1 ಅನ್ನುವುದು ವೇಗ. ಕಾರ್ಡಿಗೆ ಕೆಲಸ ಇಲ್ಲದಾಗ ಕರೆಂಟ್ ಉಳಿಸಲು ಲಿಂಕಿನ ವೇಗ ತಾನಾಗಿ ಇಳಿಯುತ್ತದೆ. ಒಂದು ಲೇನಿನಲ್ಲಿ ಸೆಕೆಂಡಿಗೆ 8 ಗಿಗಾಟ್ರಾನ್ಸ್‌ಫರ್ (ಅಂದರೆ 800 ಕೋಟಿ ಬಿಟ್) ಇದ್ದದ್ದು 2.5ಕ್ಕೆ ಬರುತ್ತದೆ. ಇದು ರೋಗ ಅಲ್ಲ, ಒಳ್ಳೆ ಗುಣ. ಆ ಸಾಲಿನ ಪಕ್ಕದಲ್ಲೇ ಪ್ರಶ್ನೆ ಚಿಹ್ನೆಯ ಒಂದು ಬಟನ್ ಇದೆ. ಒತ್ತಿ ರೆಂಡರ್ ಟೆಸ್ಟ್ ಓಡಿಸಿದರೆ ಕಾರ್ಡಿಗೆ ಕೆಲಸ ಸಿಗುತ್ತದೆ, ವೇಗ ಮೇಲೇರುತ್ತದೆ. ಓಡಿಸಿದೆ. 1.1 ಹೋಗಿ 3.0 ಬಂತು. ಎಕ್ಸ್4 ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಎಕ್ಸ್4 ಅನ್ನುವುದು ಅಗಲ. ಅಂದರೆ ಎಷ್ಟು ಲೇನ್ ಬಳಕೆಯಲ್ಲಿದೆ ಎಂಬ ಲೆಕ್ಕ. ಪಿಸಿಐ ಎಕ್ಸ್‌ಪ್ರೆಸ್‌ನ ಒಂದು ಲೇನಿಗೆ ನಾಲ್ಕು ತಂತಿ. ಒಂದು ಜೋಡಿ ಕಳಿಸುವುದಕ್ಕೆ, ಇನ್ನೊಂದು ಜೋಡಿ ಬರಮಾಡಿಕೊಳ್ಳುವುದಕ್ಕೆ. ಎರಡೂ ದಿಕ್ಕು ಒಟ್ಟಿಗೇ ನಡೆಯುತ್ತವೆ. ಕಂಪ್ಯೂಟರ್ ಆನ್ ಆದ ಕೂಡಲೇ ಬೋರ್ಡೂ ಕಾರ್ಡೂ ಪರಸ್ಪರ ಪರೀಕ್ಷೆ ಮಾಡಿಕೊಂಡು, ನಮ್ಮಿಬ್ಬರ ನಡುವೆ ಇಷ್ಟು ಲೇನ್ ಸರಿ ಇದೆ ಅಂತ ಒಪ್ಪಂದಕ್ಕೆ ಬರುತ್ತವೆ. ಇದಕ್ಕೆ ಲಿಂಕ್ ಟ್ರೇನಿಂಗ್ ಅಂತಾರೆ.

ಲೋಡ್ ಹಾಕಿದಾಗಲೂ ವೇಗ ಏರದಿದ್ದರೆ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗುಗಳಲ್ಲಿ) ಯಾರೋ ಜೆನ್ 1, ಅಂದರೆ ಮೊದಲ ಪೀಳಿಗೆಯ ಆ 1.1ರ ವೇಗ, ಅಂತ ಕಟ್ಟಿಹಾಕಿರಬಹುದು, ಅಥವಾ ಕಾರ್ಡನ್ನು ಸ್ಲಾಟಿನಿಂದ ದೂರ ಕೂರಿಸಲು ಹಾಕುವ ಅಗ್ಗದ ರೈಸರ್ ಕೇಬಲ್ಲಿನಲ್ಲಿ ಸಿಗ್ನಲ್ ಸೋರುತ್ತಿರಬಹುದು. ಅಗಲ ಕಮ್ಮಿ ಆದರೆ ಮಾತ್ರ ಸಾಮಾನ್ಯವಾಗಿ ಕೈಯಲ್ಲಿ ಮುಟ್ಟಿ ನೋಡಬಹುದಾದ ಕಾರಣ ಇರುತ್ತದೆ. ಎಲ್ಲೋ ಒಂದು ತಂತಿ ಕೂಡಿಕೊಂಡಿಲ್ಲ.

ಎಲ್ಲಿ ಅನ್ನುವುದನ್ನೂ ಆ 4 ಎಂಬ ಅಂಕಿಯೇ ಹೇಳುತ್ತದೆ. ಇಂಥ ಕಾರ್ಡುಗಳು 16, 8, 4, 1 ಹೀಗೆ ಮೆಟ್ಟಿಲಿಳಿಯುತ್ತವೆ. ಹದಿನೈದು ಲೇನ್ ಸರಿ ಇದೆ, ಹದಿನೈದರಲ್ಲೇ ನಡೆಸೋಣ ಅನ್ನುವ ಹಾಗಿಲ್ಲ. ಸೊನ್ನೆಯಿಂದ ಎಣಿಸುತ್ತಾ ಹೋಗಿ ಎಲ್ಲಿ ತಡೆ ಸಿಗುತ್ತದೋ ಅದಕ್ಕಿಂತ ಕೆಳಗಿನ ಮೆಟ್ಟಿಲಿಗೆ ಇಳಿಯಬೇಕು. ಎಕ್ಸ್4 ಬಂದಿದೆ ಅಂದರೆ 0ಯಿಂದ 3ರವರೆಗಿನ ಲೇನ್ ಚೆನ್ನಾಗಿವೆ, 4ರಿಂದ 7ರೊಳಗೆ ಎಲ್ಲೋ ಒಂದು ಸತ್ತಿದೆ. 8ರಿಂದ ಮೇಲಿನವು ಚಿನ್ನದಂತಿದ್ದರೂ ಪ್ರಯೋಜನ ಇಲ್ಲ. ಕಾರ್ಡನ್ನು ಬಿಚ್ಚುವ ಮುಂಚೆಯೇ ಹುಡುಕಬೇಕಾದ ಜಾಗ ಇಷ್ಟು ಚಿಕ್ಕದಾಯಿತು.

ಬೋರ್ಡಿನ ಮೇಲಿನ ಅನುಮಾನ

ಕಾರ್ಡಿಗೆ ಕೈ ಹಾಕುವ ಮುಂಚೆ ಬೋರ್ಡನ್ನು ನೋಡಬೇಕು. ಇವನದು ರೈಜನ್ 5 2600 ಸಿಪಿಯು, ಬಿ450 ಬೋರ್ಡು. ಇಂಥ ಬೋರ್ಡುಗಳಲ್ಲಿ ಉದ್ದದ ಸ್ಲಾಟ್ ಎರಡಿದ್ದರೆ, ಕೆಳಗಿನದಕ್ಕೆ ಸಾಮಾನ್ಯವಾಗಿ ನಾಲ್ಕೇ ಲೇನ್, ಅದೂ ಚಿಪ್‌ಸೆಟ್‌ನಿಂದ ಬರುವ ಜೆನ್ 2. ಕಾರ್ಡ್ ಅಲ್ಲಿ ಕೂತಿದ್ದರೆ ಲೋಡ್ ಹಾಕಿದಾಗ ಎಕ್ಸ್4 2.0 ಬರಬೇಕಿತ್ತು. ನಮಗೆ ಬಂದದ್ದು ಎಕ್ಸ್4 3.0. ಕ್ಯಾಬಿನೆಟ್ ತೆಗೆಯದೆಯೇ ಆ ಅನುಮಾನ ಹೋಯಿತು.

ಸಿಪಿಯು ಕಡೆಯಿಂದಲೂ ಮೋಸ ಆಗಬಹುದು. ರೈಜನ್ 5 2400ಜಿ, 3400ಜಿ ಥರದ, ಒಳಗೇ ಗ್ರಾಫಿಕ್ಸ್ ಇರುವ ಚಿಪ್‌ಗಳು ಕಾರ್ಡಿಗೆ ಎಂಟೇ ಲೇನ್ ಕೊಡುತ್ತವೆ. ಅಲ್ಲಿ ಎಕ್ಸ್8 ಬಂದರೆ ರಿಪೇರಿಗೆ ಏನೂ ಇಲ್ಲ, ಅದು ಇರುವುದೇ ಹಾಗೆ. ಕಾರ್ಡುಗಳಲ್ಲೂ ಇದೇ ಕತೆ. ಆರ್‌ಟಿಎಕ್ಸ್ 4060ಗೆ ಎಂಟೇ ಲೇನ್. ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ. ಆದರೂ ಕೆಳಗಿನ ಪಟ್ಟಿ ಹದಿನಾರರಷ್ಟೇ ಉದ್ದ ಇರುತ್ತದೆ. ಉದ್ದ ನೋಡಿ ಲೇನ್ ಎಣಿಸಬಾರದು. 1060ಗೆ ಮಾತ್ರ ಪೂರ್ತಿ ಹದಿನಾರು ಇರಲೇಬೇಕು.

ಆಮೇಲೆ ಧೂಳು. ನಮ್ಮ ಬೆಂಗಳೂರಿನಲ್ಲಿ ಪಕ್ಕದಲ್ಲಿ ಒಂದು ಕಟ್ಟಡ ಏಳುತ್ತಿದ್ದರೆ ಸಾಕು, ಕ್ಯಾಬಿನೆಟ್ ಒಳಗೆ ಸಿಮೆಂಟ್ ಬಣ್ಣದ ಪದರ ಕೂರುತ್ತದೆ. ಸ್ಲಾಟಿಗೆ ಬ್ಲೋವರ್ ಹಿಡಿದೆ. ಕಾರ್ಡಿನ ಚಿನ್ನದ ಲೇಪದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿದೆ. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಗಸಗಸ ಉಜ್ಜುತ್ತಾರಲ್ಲ, ಅದು ನನಗೆ ಆಗಿಬರಲ್ಲ. ಲೇಪ ತುಂಬಾ ತೆಳು. ಉಜ್ಜಿದಷ್ಟೂ ಹೋಗುತ್ತದೆ, ಮೇಲಿಂದ ರಬ್ಬರ್ ಪುಡಿ ಸ್ಲಾಟಿನೊಳಗೆ ಸೇರುತ್ತದೆ. ಒರೆಸಿ ಹಾಕಿದೆ. ಎಕ್ಸ್4ಏ.

ನನ್ನ ಹತ್ತಿರ ಹಳೇ ಜಿಟಿಎಕ್ಸ್ 750 ಟಿಐ ಒಂದಿದೆ. ಸ್ಲಾಟ್ ಕೊಡುವ 75 ವಾಟಿನಲ್ಲೇ ಓಡುತ್ತದೆ, ಬೇರೆ ಪವರ್ ವೈರ್ ಬೇಡ. ಇಂಥ ಪರೀಕ್ಷೆಗೆ ಹೇಳಿಮಾಡಿಸಿದ್ದು. ಅದನ್ನು ಅವನ ಬೋರ್ಡಿಗೆ ಹಾಕಿದರೆ ಎಕ್ಸ್16 ಬಂತು. 1060 ಅನ್ನು ನನ್ನ ಬಿ85 ಬೋರ್ಡಿಗೆ ಹಾಕಿದರೆ ಅಲ್ಲೂ ಎಕ್ಸ್4. ಆ ಮೆಷಿನ್‌ನಲ್ಲಿ ಲಿನಕ್ಸ್ ಇದೆ. ಎಲ್‌ಎಸ್‌ಪಿಸಿಐ ಕಮಾಂಡಿನ ಉದ್ದದ ಉತ್ತರದಲ್ಲಿ ಲಿಂಕಿನ ತಾಕತ್ತು ಒಂದು ಸಾಲು, ಸದ್ಯದ ಸ್ಥಿತಿ ಇನ್ನೊಂದು ಸಾಲು. ಎರಡನೇ ಸಾಲಿನಲ್ಲಿ ಎಕ್ಸ್4 ಅಂತ ಬರೆದು ಪಕ್ಕದಲ್ಲೇ ‘ಡೌನ್‌ಗ್ರೇಡೆಡ್’ ಅಂತ ನೇರವಾಗಿ ಹೇಳಿಬಿಟ್ಟಿತು. ಬೋರ್ಡು ನಿರಪರಾಧಿ.

ಅಂಚಿನ ಮೇಲಿನ ಸಾಲು

ಪಿಸಿಐಇ ಕಾರ್ಡನ್ನು ತಿರುಗಿಸಿ ಹಿಂಬದಿ ನೋಡಿ. ಅಂಚಿನ ಚಿನ್ನದ ಹಲ್ಲುಗಳ ತುಸು ಮೇಲ್ಗಡೆ ಚಿಕ್ಕ ಚಿಕ್ಕ ಕಂದು ಚುಕ್ಕಿಗಳು ಎರಡೆರಡಾಗಿ ಸಾಲುಗಟ್ಟಿ ಕೂತಿರುತ್ತವೆ. ಒಂದೊಂದೂ ಸೆರಾಮಿಕ್ ಕೆಪಾಸಿಟರ್. ಈ ಕಾರ್ಡಿನಲ್ಲಿರುವುದು 0402 ಸೈಜಿನವು, ಅಂದರೆ 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. ಮೈಮೇಲೆ ಅಕ್ಷರ ಇಲ್ಲ, ನಂಬರ್ ಇಲ್ಲ.

ಇವುಗಳ ಕೆಲಸ ಏನು? ಬೋರ್ಡಿನ ಚಿಪ್‌ಗೂ ಕಾರ್ಡಿನ ಚಿಪ್‌ಗೂ ಒಳಗಿನ ವೋಲ್ಟೇಜ್ ಮಟ್ಟ ಒಂದೇ ಇರಬೇಕಿಲ್ಲ. ಕೆಪಾಸಿಟರ್ ಆ ಸ್ಥಿರ ವೋಲ್ಟೇಜನ್ನು ತಡೆದು, ಏರಿಳಿಯುವ ಸಿಗ್ನಲ್ಲನ್ನು ಮಾತ್ರ ದಾಟಿಸುತ್ತದೆ. ಯಾರು ಕಳಿಸುತ್ತಾರೋ ಅವರ ಕಡೆ ಕೆಪಾಸಿಟರ್ ಇರಬೇಕು ಅನ್ನುವುದು ನಿಯಮ. ಬೋರ್ಡಿನಿಂದ ಹೊರಡುವ ತಂತಿಗಳದ್ದು ಬೋರ್ಡಿನ ಮೇಲೆ, ಕಾರ್ಡಿನಿಂದ ಹೊರಡುವ ತಂತಿಗಳದ್ದು ಕಾರ್ಡಿನ ಮೇಲೆ. ಹದಿನಾರು ಲೇನಿಗೆ ಎರಡರಂತೆ ಕಾರ್ಡಿನ ಮೇಲೆ ಒಟ್ಟು 32.

ಇವಕ್ಕೆ ಇನ್ನೊಂದು ಉಪಯೋಗವೂ ಇದೆ. ಲಿಂಕ್ ಟ್ರೇನಿಂಗಿನ ಮೊದಲ ಹೆಜ್ಜೆಯಲ್ಲಿ, ಕಳಿಸುವ ಚಿಪ್ಪು ಪ್ರತಿ ತಂತಿಯ ಮೇಲೂ ವೋಲ್ಟೇಜನ್ನು ಸ್ವಲ್ಪ ಎತ್ತಿ, ಅದು ಏರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ನೋಡುತ್ತದೆ. ಆ ಕಡೆ ಯಾರಾದರೂ ಇದ್ದರೆ ಕೆಪಾಸಿಟರ್ ತುಂಬಬೇಕು, ನಿಧಾನ ಆಗುತ್ತದೆ. ಯಾರೂ ಇಲ್ಲದಿದ್ದರೆ ತಟ್ಟನೆ ಏರಿಬಿಡುತ್ತದೆ. ಒಂದು ಮಾತೂ ಆಡದೆ, ಸುಮ್ನೆ ಹೊತ್ತು ಅಳೆದು, ಎದುರಿಗೆ ಜನ ಇದ್ದಾರೋ ಇಲ್ಲವೋ ತಿಳಿದುಕೊಳ್ಳುವ ಉಪಾಯ ಇದು. ನನಗೆ ಈ ಇಡೀ ವ್ಯವಸ್ಥೆಯಲ್ಲಿ ತುಂಬಾ ಇಷ್ಟವಾದ ಭಾಗ. ಕೆಪಾಸಿಟರ್ ಉದುರಿಹೋಗಿದ್ದರೆ ಕಾರ್ಡಿನ ಚಿಪ್‌ಗೆ ಆ ಲೇನಿನ ಆಚೆ ಯಾರೂ ಕಾಣುವುದಿಲ್ಲ. ಲೇನನ್ನು ಕೈಬಿಡುತ್ತದೆ. ಬರಮಾಡಿಕೊಳ್ಳುವ ಜೋಡಿ ಸರಿಯಾಗಿದ್ದರೂ ಲೆಕ್ಕಕ್ಕಿಲ್ಲ, ಲೇನ್ ಪೂರ್ತಿ ಹೋದಂತೆ.

ಮೊದಲು ಮುಂಬದಿಯ ಹಲ್ಲುಗಳಿಗೆ ಮಲ್ಟಿಮೀಟರನ್ನು ಡಯೋಡ್ ಮೋಡಿನಲ್ಲಿ ಇಟ್ಟೆ. ಆ ಬದಿಯಲ್ಲಿರುವುದು ಕಾರ್ಡು ಬರಮಾಡಿಕೊಳ್ಳುವ ತಂತಿಗಳು. ನಡುವೆ ಕೆಪಾಸಿಟರ್ ಇಲ್ಲ, ನೇರ ಜಿಪಿಯುಗೆ, ಅಂದರೆ ಕಾರ್ಡಿನ ಮುಖ್ಯ ಚಿಪ್ಪಿಗೆ, ಹೋಗುತ್ತವೆ. ಎಲ್ಲ ಲೇನಿನಲ್ಲೂ ಹೆಚ್ಚುಕಮ್ಮಿ ಒಂದೇ ಓದು ಬರಬೇಕು, ಬಂತು. ಒಂದೇ ಒಂದು ಕಡೆ ಖಾಲಿ ಬಂದಿದ್ದರೆ ಜಿಪಿಯು ಕೆಳಗಿನ ಬೆಸುಗೆ ಗುಂಡು ಬಿರುಕು ಬಿಟ್ಟಿದೆ ಎಂದರ್ಥ. ಆಗ ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ.

ಹಿಂಬದಿಗೆ ಯುಎಸ್‌ಬಿ ಮೈಕ್ರೊಸ್ಕೋಪ್ ಹಿಡಿದೆ. ಮಾನಿಟರ್ ವೈರ್ ಚುಚ್ಚುವ ಬ್ರಾಕೆಟ್ ಕಡೆಯಿಂದ ಹೊರಟರೆ ಮೊದಲು 11 ಹಲ್ಲು, ಆಮೇಲೆ ಕಚ್ಚು, ಅದರಾಚೆ 12ರಿಂದ 82ರವರೆಗೆ. 4ನೇ ಲೇನಿನ ಜೋಡಿ 35, 36. 5ನೆಯದು 39, 40. 6ನೆಯದು 43, 44. 7ನೆಯದು 47, 48. ಸೂಜಿ ಮೊನೆಯಲ್ಲಿ ಎಣಿಸುತ್ತಾ ಹೋಗಬೇಕು. 39ರ ಮೇಲೆ ಕೆಪಾಸಿಟರ್ ಇದೆ. 40ರ ಮೇಲೆ ಅರ್ಧ ಇದೆ. ಮೈ ಒಡೆದು ಹೋಗಿ, ಒಂದು ತುದಿಯ ಬೆಳ್ಳಿ ಬಣ್ಣದ ಟೊಪ್ಪಿಗೆ ಮಾತ್ರ ಒಂದು ಪ್ಯಾಡಿಗೆ ಅಂಟಿಕೊಂಡಿತ್ತು. ಇನ್ನೊಂದು ಪ್ಯಾಡಿನಲ್ಲಿ ಬೆಸುಗೆ ಮಂಕಾಗಿ, ಕಿತ್ತ ಗುರುತು. ಮೀಟರಿನ ಒಂದು ಮುಳ್ಳು ಪ್ಯಾಡಿಗೆ, ಇನ್ನೊಂದು 40ನೇ ಹಲ್ಲಿಗೆ ಇಟ್ಟರೆ ಬೀಪ್ ಬಂತು. ತಂತಿ ಸರಿ ಇದೆ, ಪ್ಯಾಡೂ ಎದ್ದಿಲ್ಲ. ಅದೃಷ್ಟ.

ಹೇಗೆ ಒಡೆದಿರಬಹುದು? ಬರಿಗೈಲಿ ಒಡೆಯುವುದಲ್ಲ. ಸ್ಲಾಟಿನ ತುದಿಯ ಲಾಚ್ ಬಿಡಿಸಲು ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾರೆ, ಅದು ಜಾರಿದರೆ ನೇರ ಹೋಗಿ ತಾಗುವುದು ಇಲ್ಲಿಗೇ. ಹತ್ತಾರು ಕಾರ್ಡನ್ನು ಒಂದರ ಮೇಲೊಂದು ಪೇರಿಸಿ ಎಳೆದರೂ ಆಗುತ್ತದೆ.

ಎಸ್.ಪಿ. ರೋಡ್

220 ನ್ಯಾನೊಫ್ಯಾರಡ್ (ಕೆಪಾಸಿಟರಿನ ಅಳತೆ), 0402, ಇಷ್ಟೇ ಬೇಕಾಗಿದ್ದದ್ದು. ಆನ್‌ಲೈನ್‌ನಲ್ಲಿ ತರಿಸಿದರೆ ನೂರರ ಪಟ್ಟಿ ಬರುತ್ತದೆ, ನನಗೆ ಬೇಕಾದದ್ದು ಒಂದು. ಅದಕ್ಕಿಂತ ಸತ್ತ ಕಾರ್ಡೊಂದನ್ನು ತಂದರೆ ಬೇರೆ ಬಿಡಿಭಾಗಕ್ಕೂ ಆಗುತ್ತದೆ ಅಂತ ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ಎಸ್.ಪಿ. ರೋಡಿಗೆ, ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಜಾರಿಗೆ, ನಡೆದೆ.

ಗಲ್ಲಿಯೊಳಗಿನ ಅಂಗಡಿಯೊಂದರಲ್ಲಿ ಹಳೇ ಕಾರ್ಡುಗಳ ರಾಶಿ. “ನೋಡ್ಕೊಳ್ಳಿ ಸಾರ್, ಯಾವುದೂ ಗ್ಯಾರಂಟಿ ಇಲ್ಲ” ಅಂದರು ಯಜಮಾನರು. “ಕೆಟ್ಟಿರೋದೇ ಬೇಕು” ಅಂದೆ. ನಕ್ಕು ಸ್ಟೂಲ್ ಕೊಟ್ಟರು.

ಆ ರಾಶಿಯನ್ನು ಕೆದಕಿದರೆ ಗ್ರಾಫಿಕ್ಸ್ ಕಾರ್ಡುಗಳ ಇತಿಹಾಸವೇ ಪದರಪದರವಾಗಿ ಸಿಗುತ್ತದೆ. ಕೆಳಗೆ ಒಂದೆರಡು ಪಿಸಿಐ ಕಾರ್ಡು. 1992ರ ಆ ಬಸ್ಸಿನಲ್ಲಿ 32 ತಂತಿಗಳಲ್ಲಿ ಒಟ್ಟಿಗೆ ಡೇಟಾ ಹೋಗುತ್ತಿತ್ತು, 33 ಮೆಗಾಹರ್ಟ್ಸ್‌ನಲ್ಲಿ. ಸೆಕೆಂಡಿಗೆ 133 ಎಂಬಿ. ಅದೂ ಒಬ್ಬರಿಗಲ್ಲ. ಸೌಂಡ್ ಕಾರ್ಡು, ನೆಟ್‌ವರ್ಕ್ ಕಾರ್ಡು, ಗ್ರಾಫಿಕ್ಸ್ ಎಲ್ಲ ಅದೇ ತಂತಿಗಳನ್ನು ಸರದಿಯ ಮೇಲೆ ಹಂಚಿಕೊಳ್ಳಬೇಕು. ಅದರ ಮೇಲೆ ಎಜಿಪಿ ಕಾರ್ಡುಗಳು, ಅಂಚಿನಲ್ಲಿ ಕೊಕ್ಕೆ ಇರುತ್ತದಲ್ಲ, ಅವು. ಇಂಟೆಲ್ 1996ರಲ್ಲಿ ಎಜಿಪಿ ತಂದದ್ದೇ ಗ್ರಾಫಿಕ್ಸ್‌ಗೆ ಅಂತ ಪ್ರತ್ಯೇಕ ದಾರಿ ಕೊಡಲು. 66 ಮೆಗಾಹರ್ಟ್ಸ್, ಸೆಕೆಂಡಿಗೆ 266 ಎಂಬಿಯಿಂದ ಶುರುವಾಗಿ, ಒಂದೇ ಕ್ಲಾಕಿನಲ್ಲಿ ಎರಡು, ನಾಲ್ಕು, ಎಂಟು ಸಲ ಡೇಟಾ ಕಳಿಸುತ್ತಾ 8ಎಕ್ಸ್‌ನಲ್ಲಿ 2.1 ಜಿಬಿ ಮುಟ್ಟಿತು. ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ.

ಯಾಕೆ ಆಗಲಿಲ್ಲ ಅನ್ನುವುದು ಕಾರ್ಡನ್ನು ನೋಡಿದರೇ ಗೊತ್ತಾಗುತ್ತದೆ. ಎಜಿಪಿ ಕಾರ್ಡಿನಲ್ಲಿ ಅಂಚಿನಿಂದ ಚಿಪ್‌ಗೆ ಹೋಗುವ ಗೆರೆಗಳು ಹಾವಿನ ಹಾಗೆ ಅಂಕುಡೊಂಕು. ಹತ್ತಿರದ ತಂತಿಯನ್ನು ಬೇಕೆಂದೇ ಸುತ್ತಿಸಿ ದೂರದ ತಂತಿಯಷ್ಟೇ ಉದ್ದ ಮಾಡಿರುತ್ತಾರೆ. 32 ಬಿಟ್ ಒಟ್ಟಿಗೆ ಹೊರಟರೆ ಒಟ್ಟಿಗೇ ತಲುಪಬೇಕಲ್ವಾ? ವೇಗ ಏರಿದಷ್ಟೂ ತಡ ಸಹಿಸುವ ಅವಕಾಶ ಕಮ್ಮಿಯಾಗುತ್ತದೆ. 2003ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ ಈ ಹಟವನ್ನೇ ಬಿಟ್ಟಿತು. ಪ್ರತಿ ಲೇನೂ ಸ್ವತಂತ್ರ. ಬಿಟ್‌ಗಳು ಒಂದರ ಹಿಂದೆ ಒಂದು ಹೋಗುತ್ತವೆ, ಕ್ಲಾಕ್ ಕೂಡ ಆ ಬಿಟ್‌ಗಳೊಳಗೇ ಅಡಗಿರುತ್ತದೆ. ಒಂದು ಲೇನ್ ಸ್ವಲ್ಪ ತಡವಾಗಿ ಬಂದರೆ ಆ ತುದಿಯಲ್ಲಿರುವ ಚಿಪ್ಪು ಕಾದು ಜೋಡಿಸಿಕೊಳ್ಳುತ್ತದೆ. ಒಂದೇ ಜೋಡಿಯ ಎರಡು ತಂತಿ ಸಮ ಇದ್ದರೆ ಸಾಕು. ನಮ್ಮ ಕಾರ್ಡು ಒಂದು ಲೇನ್ ಸತ್ತರೂ ನಾಲ್ಕರಲ್ಲಿ ಓಡುತ್ತಿದ್ದದ್ದು ಈ ಸ್ವಾತಂತ್ರ್ಯದಿಂದಲೇ. ಎಜಿಪಿಯಲ್ಲಿ ಒಂದು ಡೇಟಾ ತಂತಿ ಹೋಗಿದ್ದರೆ ಚಿತ್ರವೇ ಚಿತ್ರಾನ್ನ ಆಗುತ್ತಿತ್ತು.

ರಾಶಿಯಲ್ಲಿ ಪಿಸಿಐಇ ಕಾರ್ಡೂ ಬೇಕಾದಷ್ಟಿದ್ದವು. ಆದರೆ ಯಾವುದೋ ಒಂದನ್ನು ಎತ್ತಿಕೊಂಡು ಬರುವ ಹಾಗಿಲ್ಲ. ಜೆನ್ 1, ಜೆನ್ 2 ಕಾಲದ ಕಾರ್ಡುಗಳಿಗೆ 75ರಿಂದ 200 ನ್ಯಾನೊಫ್ಯಾರಡ್ ನಡೆಯುತ್ತಿತ್ತು, ಸಾಮಾನ್ಯವಾಗಿ 100 ಹಾಕಿರುತ್ತಾರೆ. ಜೆನ್ 3ರಿಂದ 176ರಿಂದ 265ರೊಳಗೆ ಇರಬೇಕು, ಅದಕ್ಕೇ 220. ಜೆನ್ 3ರ ಒಂದು ಸುಟ್ಟ ಕಾರ್ಡನ್ನು ಆರಿಸಿಕೊಂಡೆ. ಪವರ್ ಭಾಗ ಕರಕಲಾಗಿತ್ತು, ಅಂಚಿನ ಸಾಲು ಹೊಸದರಂತಿತ್ತು.

ಬೆಸುಗೆ

ದಾನಿ ಕಾರ್ಡಿನಿಂದ ಒಂದು ಕೆಪಾಸಿಟರನ್ನು ಹಾಟ್ ಏರ್‌ನಲ್ಲಿ ತೆಗೆದು, ಆರಿದ ಮೇಲೆ ಅಳೆದೆ. 0.21 ಮೈಕ್ರೊಫ್ಯಾರಡ್, ಅಂದರೆ 210 ನ್ಯಾನೊಫ್ಯಾರಡ್. ಬಿಸಿ ಇದ್ದಾಗ ಅಳೆದರೆ ತಪ್ಪು ಓದು ಬರುತ್ತದೆ, ಹತ್ತು ನಿಮಿಷ ಬಿಡಬೇಕು.

1060 ಕಡೆ ಹಾಟ್ ಏರ್ ಬಳಸಲಿಲ್ಲ. ಅಕ್ಕಪಕ್ಕದ ಕೆಪಾಸಿಟರ್‌ಗಳೂ ತೇಲಲು ಶುರುವಾದರೆ ಒಂದು ಸರಿ ಮಾಡಲು ಹೋಗಿ ಆರು ಕಳೆದುಕೊಳ್ಳಬೇಕಾಗುತ್ತದೆ. ಚಿನ್ನದ ಹಲ್ಲುಗಳಿಗೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಅಂಟಿಸಿದೆ, ಅಲ್ಲಿಗೆ ಬೆಸುಗೆಯ ಒಂದು ಹನಿ ಬಿದ್ದರೂ ಕಾರ್ಡ್ ಸ್ಲಾಟಿಗೆ ಇಳಿಯುವುದಿಲ್ಲ. ಫ್ಲಕ್ಸ್ ಹಾಕಿ, ಸಣ್ಣ ಮೊನೆಯ ಐರನ್‌ನಲ್ಲಿ ಮುರಿದ ಟೊಪ್ಪಿಗೆಯನ್ನು ಮೊದಲು ತೆಗೆದೆ. ಫ್ಯಾಕ್ಟರಿಯ ಸೀಸ ಇಲ್ಲದ ಬೆಸುಗೆ ಸುಮಾರು 217 ಡಿಗ್ರಿಗೆ ಕರಗುತ್ತದೆ, ನಮ್ಮ ತವರ-ಸೀಸದ 63/37 ಬೆಸುಗೆ 183ಕ್ಕೇ. ಹಳೆಯದರ ಮೇಲೆ ನಮ್ಮದನ್ನು ಸ್ವಲ್ಪ ಬೆರೆಸಿದರೆ ಬೇಗ ಕರಗಿ ಸಲೀಸಾಗಿ ಎದ್ದುಬರುತ್ತದೆ. ಪ್ಯಾಡಿಗೆ ಜಾಸ್ತಿ ಹೊತ್ತು ಶಾಖ ಕೊಡಬಾರದು. ಇವು ಸಿಗ್ನಲ್ ತಂತಿಯ ಪ್ಯಾಡು, ಕೆಳಗೆ ದೊಡ್ಡ ತಾಮ್ರದ ಆಸರೆ ಇರುವುದಿಲ್ಲ. ಸ್ವಲ್ಪ ಜಗ್ಗಿದರೂ ಸಿಪ್ಪೆಯಂತೆ ಕಿತ್ತುಬರುತ್ತವೆ.

ಒಂದು ಪ್ಯಾಡಿಗೆ ಚೂರು ಬೆಸುಗೆ ಇಟ್ಟು, ಟ್ವೀಜರಿನಲ್ಲಿ ಕೆಪಾಸಿಟರ್ ಹಿಡಿದು ಆ ತುದಿ ಕೂರಿಸಿದೆ. ಅದು ಗಟ್ಟಿಯಾದ ಮೇಲೆ ಇನ್ನೊಂದು ತುದಿ. ಆ ಹೊತ್ತಿಗೆ ಸರಿಯಾಗಿ ಅಕ್ಕ ಫೋನ್ ಮಾಡಿದ್ದಳು, ಎತ್ತಲಿಲ್ಲ. ಕೆಲವು ಕ್ಷಣಗಳಲ್ಲಿ ಉಸಿರನ್ನೂ ಬಿಡಬಾರದು.

ಆಲ್ಕೊಹಾಲ್ ಹಾಕಿ ಬ್ರಷ್‌ನಲ್ಲಿ ಫ್ಲಕ್ಸ್ ತೊಳೆದು ಮತ್ತೆ ಮೀಟರ್. ಕೆಪಾಸಿಟರಿನ ಎರಡು ತುದಿ ನಡುವೆ 0.2ರ ಆಸುಪಾಸು. 39ಕ್ಕೂ 40ಕ್ಕೂ ನಡುವೆ ಶಾರ್ಟ್ ಇಲ್ಲ. ಪಕ್ಕದ ಗ್ರೌಂಡಿಗೂ ಇಲ್ಲ. ಅವನ ಬೋರ್ಡಿಗೆ ಹಾಕುವ ಮುಂಚೆ ನನ್ನ ಬಿ85ಗೇ ಹಾಕಿದೆ, ಹೋದರೆ ಹಳೆಯದೇ ಹೋಗಲಿ ಅಂತ. ಲಿನಕ್ಸ್ ಬಂತು, ಕಮಾಂಡ್ ಕೊಟ್ಟೆ. ಎಕ್ಸ್16.

ಅಳತೆ

ಅಂಕಿ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಷ್ಟು ಅಗಲದಲ್ಲಿ ನಿಜವಾಗಿ ಎಷ್ಟು ಹೋಗುತ್ತಿದೆ ಅಂತ ನೋಡಬೇಕು.

ಜೆನ್ 3ರಲ್ಲಿ ಲೇನಿಗೆ 8 ಗಿಗಾಟ್ರಾನ್ಸ್‌ಫರ್. 128 ಬಿಟ್ ಡೇಟಾಕ್ಕೆ 2 ಬಿಟ್ ಗುರುತು ಸೇರಿಸಿ 130 ಮಾಡಿ ಕಳಿಸುತ್ತಾರೆ. ಆ ಖರ್ಚು ಕಳೆದರೆ ಲೇನಿಗೆ ಸೆಕೆಂಡಿಗೆ 985 ಎಂಬಿ. ನಾಲ್ಕಕ್ಕೆ 3.9 ಜಿಬಿ, ಹದಿನಾರಕ್ಕೆ 15.75 ಜಿಬಿ. ಜೆನ್ 1, ಜೆನ್ 2ರಲ್ಲಿ 8 ಬಿಟ್ ಕಳಿಸಲು 10 ಬಿಟ್ ಬಳಸುತ್ತಿದ್ದರು, ಐದರಲ್ಲಿ ಒಂದು ಭಾಗ ಹಾಗೇ ಹೋಗುತ್ತಿತ್ತು.

ಎನ್ವಿಡಿಯಾದ ಕ್ಯೂಡಾ ಸಾಫ್ಟ್‌ವೇರಿನ ಬ್ಯಾಂಡ್‌ವಿಡ್ತ್ ಟೆಸ್ಟನ್ನು ರಿಪೇರಿಗೆ ಮುಂಚೆಯೇ ಓಡಿಸಿಟ್ಟಿದ್ದೆ. ಆಗ ಬಂದದ್ದು ಸೆಕೆಂಡಿಗೆ 3.1 ಜಿಬಿ. ಈಗ 12.2. ನಾಲ್ಕು ಪಟ್ಟು, ಸರಿಯಾಗಿದೆ. ಹಾಗಾದರೆ 15.75 ಯಾಕೆ ಬರಲಿಲ್ಲ?

ಡೇಟಾ ಒಂದೇ ಧಾರೆಯಾಗಿ ಹರಿಯುವುದಿಲ್ಲ, ಪ್ಯಾಕೆಟ್ ಪ್ಯಾಕೆಟ್ ಆಗಿ ಹೋಗುತ್ತದೆ. ಸಾಮಾನ್ಯ ಪಿಸಿಯಲ್ಲಿ ಒಂದು ಪ್ಯಾಕೆಟ್ಟಿಗೆ ಹೆಚ್ಚೆಂದರೆ 128 ಅಥವಾ 256 ಬೈಟ್ ಸಾಮಾನು. ಅದರ ಮೇಲೆ ವಿಳಾಸ, ಕ್ರಮಸಂಖ್ಯೆ, ತಪ್ಪು ಪತ್ತೆಯ ಲೆಕ್ಕ ಎಲ್ಲ ಸೇರಿ ಇಪ್ಪತ್ತಕ್ಕೂ ಮೇಲೆ ಬೈಟ್. ತಲುಪಿದ್ದಕ್ಕೆ ಆ ಕಡೆಯಿಂದ ಒಪ್ಪಿಗೆಯೂ ಬರಬೇಕು. ಹಿಂದೆ ರಿಜಿಸ್ಟರ್ ಪೋಸ್ಟಿಗೆ ಅಂಟಿಸುತ್ತಿದ್ದ ಅಕ್ನಾಲೆಡ್ಜ್‌ಮೆಂಟ್ ಕಾರ್ಡಿನ ಹಾಗೆ. ಅದು ಬರುವ ತನಕ ಕಳಿಸಿದವರು ಒಂದು ಪ್ರತಿ ಇಟ್ಟುಕೊಂಡಿರುತ್ತಾರೆ. ಲೆಕ್ಕ ತಾಳೆ ಆಗದಿದ್ದರೆ ಮತ್ತೆ ಕಳಿಸುತ್ತಾರೆ. ಈ ಖರ್ಚೆಲ್ಲ ಕಳೆದು 12ರ ಸುತ್ತಮುತ್ತ ಬಂದರೆ ಆರೋಗ್ಯದ ಲಕ್ಷಣ.

ಇನ್ನೊಂದು ವಿಷಯ. ಈ ಸಾಗಣೆಯಲ್ಲಿ ಸಿಪಿಯು ಕೂಲಿಯಾಳಲ್ಲ. ಏನು ಮಾಡಬೇಕು ಎಂಬ ಆಜ್ಞೆಗಳನ್ನು ರ‍್ಯಾಮ್‌ನಲ್ಲಿ ಒಂದು ಕಡೆ ಬರೆದಿಟ್ಟು, ಕಾರ್ಡಿನ ಒಂದು ವಿಳಾಸಕ್ಕೆ ಚಿಕ್ಕ ಸಂಖ್ಯೆ ಬರೆಯುತ್ತದೆ. ಬಾಗಿಲ ಬೆಲ್ ಒತ್ತಿದಂತೆ ಅಷ್ಟೇ, ಅದರ ಹೆಸರೂ ಡೋರ್‌ಬೆಲ್ಲೇ. ಆಮೇಲೆ ಕಾರ್ಡಿನ ಡಿಎಂಎ ಎಂಜಿನ್ ತಾನೇ ರ‍್ಯಾಮ್‌ಗೆ ಬಂದು ಬೇಕಾದ್ದನ್ನು ಎತ್ತಿಕೊಂಡು ಹೋಗುತ್ತದೆ. ಅದಕ್ಕೆ ಆ ಜಾಗ ಅತ್ತಿತ್ತ ಸರಿಯದೆ ಒಂದೇ ಕಡೆ ಇರಬೇಕು. ಹಾಗೆ ಮೊಳೆ ಹೊಡೆದ ಮೆಮೊರಿಯಿಂದ ನನಗೆ 12.2 ಬಂದದ್ದು. ಮಾಮೂಲಿ ಮೆಮೊರಿಯಿಂದ ಕಳಿಸಿದರೆ ಮೊದಲು ಅಂಥ ಜಾಗಕ್ಕೆ ನಕಲು ಮಾಡಬೇಕು, ವೇಗ ಅರ್ಧಕ್ಕೆ ಬರುತ್ತದೆ. ಯಾರಾದರೂ “ನನ್ನ ಕಾರ್ಡು ಸೆಕೆಂಡಿಗೆ 6 ಜಿಬಿ ಮಾತ್ರ ತೋರಿಸ್ತಿದೆ” ಅಂದರೆ ಮೊದಲು ಕೇಳಬೇಕಾದ್ದು ಯಾವ ಥರದ ಮೆಮೊರಿಯಿಂದ ಅಳೆದಿರಿ ಅಂತ.

ತಪ್ಪಾದ ಪ್ಯಾಕೆಟ್ ಸದ್ದಿಲ್ಲದೆ ಮತ್ತೆ ಹೋಗುವುದರಿಂದ ಒಂದು ಅಪಾಯವೂ ಇದೆ. ನನ್ನ ಬೆಸುಗೆ ಅರೆಬರೆ ಇದ್ದರೂ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ರಾತ್ರಿಯಿಡೀ ಟೆಸ್ಟ್ ಓಡಲು ಬಿಟ್ಟು, ಬೆಳಗ್ಗೆ ಲಿನಕ್ಸ್ ಕರ್ನಲ್ ಲಾಗಿನಲ್ಲಿ ಪಿಸಿಐಇಯ ‘ಕರೆಕ್ಟೆಡ್’ ಎರರ್ ಏನಾದರೂ ಬಿದ್ದಿದೆಯೇ ಹುಡುಕಿದೆ. ಒಂದೂ ಇರಲಿಲ್ಲ. ರೈಸರ್ ಕೇಬಲ್ ಹಾಕಿರುವವರು ಈ ಲಾಗನ್ನು ಒಮ್ಮೆ ನೋಡುವುದು ಒಳ್ಳೆಯದು.

ಅವನ ಟೈಮ್‌ಲೈನಿಗೆ ಏನಾಯಿತು

ಗೇಮ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಬರುವುದೂ ಇಲ್ಲ ಅಂತ ಅವನಿಗೆ ಮೊದಲೇ ಹೇಳಿದ್ದೆ. 1060ರ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 192 ಜಿಬಿ. ಹದಿನಾರು ಲೇನಿನ ಲಿಂಕು ಅದರ ಹನ್ನೆರಡನೇ ಒಂದು ಭಾಗ. ಅದಕ್ಕೇ ಗೇಮ್‌ಗಳು ಬೇಕಾದ ಟೆಕ್ಸ್ಚರ್‌ಗಳನ್ನೆಲ್ಲ ಮೊದಲೇ ಕಾರ್ಡಿನೊಳಗೆ ತುಂಬಿಸಿಕೊಂಡುಬಿಡುತ್ತವೆ. ಆಮೇಲೆ ಲಿಂಕಿನಲ್ಲಿ ಹೋಗುವುದು ಬಹುಪಾಲು ಆಜ್ಞೆಗಳು. 6 ಜಿಬಿ ತುಂಬಿ ಹೊರಗೆ ಚೆಲ್ಲಿದಾಗ ಮಾತ್ರ ಲಿಂಕಿನ ಅಗಲ ನೆನಪಾಗುತ್ತದೆ.

ವಿಡಿಯೋ ಹಾಗಲ್ಲ. ಅಲ್ಲಿ ಪ್ರತಿ ಫ್ರೇಮೂ ಹೊಸ ಸಾಮಾನು. 4ಕೆ ಅಂದರೆ 3840 ಗುಣಿಸು 2160, ಹತ್ತಿರ ಹತ್ತಿರ 83 ಲಕ್ಷ ಪಿಕ್ಸೆಲ್. ಬಣ್ಣದ ಕೆಲಸಕ್ಕೆ ಅಂತ ಒಂದು ಪಿಕ್ಸೆಲಿಗೆ ನಾಲ್ಕು ಚಾನೆಲ್, ಒಂದೊಂದಕ್ಕೆ 32 ಬಿಟ್ ಇಟ್ಟರೆ 16 ಬೈಟ್. ಒಂದು ಫ್ರೇಮಿಗೆ ಸುಮಾರು 133 ಎಂಬಿ ಆಯಿತು. ಸೆಕೆಂಡಿಗೆ 25 ಫ್ರೇಮಿನಂತೆ 3.3 ಜಿಬಿ. ನಾಲ್ಕು ಲೇನಿನಲ್ಲಿ ನನಗೆ ಸಿಕ್ಕಿದ್ದು 3.1. ಅಲ್ಲೇ ಇದೆ ತಡವರಿಕೆ. ಸಾಫ್ಟ್‌ವೇರ್ ಎಲ್ಲ ಫ್ರೇಮನ್ನೂ ಅಷ್ಟು ದಪ್ಪವಾಗಿ ಸಾಗಿಸಬೇಕೆಂದಿಲ್ಲ. 8 ಬಿಟ್‌ನಲ್ಲೇ ಕಳಿಸಿದರೆ ಫ್ರೇಮಿಗೆ 33 ಎಂಬಿ ಸಾಕು. ಆದರೆ ಎರಡು ಮೂರು ಪದರ ಒಂದರ ಮೇಲೊಂದು ಬಂದರೆ, ಧಾರೆ ಎರೆಯುವ ದೃಶ್ಯದ ಮೇಲೆ ಹೂವಿನ ಮಳೆ, ಅದರ ಮೇಲೆ ಹೆಸರು, ಹೀಗೆ ಬೆಳೆಯುತ್ತಾ ಹೋಗುತ್ತದೆ.

ಕಾರ್ಡನ್ನು ಅವನ ಮೆಷಿನ್‌ಗೆ ಹಾಕಿ, ಅವನದೇ ಪ್ರಾಜೆಕ್ಟ್ ತೆಗೆಸಿದೆ. ಪದರಗಳ ಜಾಗದಲ್ಲಿ ಎಳೆದರೆ ಈಗ ಹಿಂದೆ ಬೀಳುತ್ತಿಲ್ಲ. ನಾಯ್ಸ್ ರಿಡಕ್ಷನ್ ಹಾಕಿದ ಕಡೆ ಮುಂಚಿನಂತೆಯೇ ತಡವರಿಸುತ್ತದೆ. ಅದು ಲಿಂಕಿನ ತಪ್ಪಲ್ಲ, ಆ ಲೆಕ್ಕ ಮಾಡಲು ಚಿಪ್‌ಗೇ ಅಷ್ಟು ಹೊತ್ತು ಬೇಕು. “ಇದಕ್ಕೂ ಏನಾದ್ರೂ ಬೆಸುಗೆ ಹಾಕೋಕಾಗಲ್ವಾ?” ಅಂದ.

ಕೆಪಾಸಿಟರ್ ಸಾಲಿನ ಮೇಲೆ ಒಂದು ಪಟ್ಟಿ ಕ್ಯಾಪ್ಟಾನ್ ಟೇಪ್ ಅಂಟಿಸಿ ಕೊಟ್ಟೆ, ಹಲ್ಲುಗಳಿಗೆ ತಾಗದ ಹಾಗೆ. ಲಾಚನ್ನು ಬೆರಳಲ್ಲೇ ಪೂರ್ತಿ ಒತ್ತಿ ಕಾರ್ಡನ್ನು ನೇರ ಮೇಲಕ್ಕೆ ಎತ್ತಬೇಕು, ಸ್ಕ್ರೂಡ್ರೈವರ್ ಆ ಕಡೆ ಸುಳಿಯಬಾರದು ಅಂತಲೂ ಹೇಳಿದೆ. ಹೋಗುವ ಹೊತ್ತಿಗೆ ಇನ್ನೊಂದು ಕೇಳಿದ: “ಮಾಮ, 4.0 ಬೋರ್ಡ್ ತಗೊಂಡ್ರೆ ಇದು ಡಬಲ್ ಆಗುತ್ತಾ?” ಆಗಲ್ಲ. ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗಕ್ಕೇ ಲಿಂಕ್ ಒಪ್ಪಿಕೊಳ್ಳುವುದು. 1060 ಅಲ್ಲೂ ಎಕ್ಸ್16 3.0ರಲ್ಲೇ ಇರುತ್ತದೆ. ಆ ದುಡ್ಡಿಗೆ ಜಾಸ್ತಿ ಮೆಮೊರಿ ಇರುವ ಕಾರ್ಡ್ ನೋಡು ಅಂದೆ, ತಗೊಳ್ಳೋ ಮುಂಚೆ ಅದರ ಬಸ್ ಇಂಟರ್‌ಫೇಸ್ ಸಾಲಿನ ಫೋಟೊ ತರಿಸಿಕೋ, ಲೋಡ್ ಹಾಕಿದಾಗ ತೆಗೆದದ್ದು.